ತಪ್ಪೊಪ್ಪಿಗೆಗೆ ಹತ್ತು ನಿಮಿಷ

"ಒಪ್ಪಿಕೊಂಡುಬಿಡ್ತೀನ್ರಿ ಮೇಡಂ," ಎಂದ ಇಸ್ಮಾಯಿಲ.

ಬೀದರಿನ ಕೋರ್ಟಿನ ವರಾಂಡದಲ್ಲಿ ನಿಂತಿದ್ದ ವಕೀಲೆ ಉಜ್ವಲಾಳ ಎದೆ ಧಸಕ್ಕೆಂದಿತು. ಏಳು ತಿಂಗಳಿಂದ ಈ ಒಬ್ಬನಿಗಾಗಿ ಆಕೆ ನಿದ್ದೆಗೆಟ್ಟಿದ್ದಳು. ಸುಡಾನಿನಿಂದ ಬಂದು ಭಾಲ್ಕಿಯಲ್ಲಿ ಫಾರ್ಮಸಿ ಓದುತ್ತ ಇಲ್ಲಿಯ ಮಾತನ್ನೂ ಕಲಿತಿದ್ದವನು. ಏಜೆಂಟ್ ಕೈಗಿಟ್ಟ ನಕಲಿ ಪತ್ರ ನಂಬಿ, ವೀಸಾ ಮುಂದುವರಿಸಲು ಅದನ್ನೇ ಕೊಟ್ಟು ಸಿಕ್ಕಿಬಿದ್ದಿದ್ದ. ಏಜೆಂಟ್ ಪರಾರಿ, ಇವನು ಜೈಲಿನಲ್ಲಿ. ಊರಲ್ಲಿ ಹಿಂದುಮುಂದಿಲ್ಲದವನೆಂದು ಎರಡು ಸಲ ಜಾಮೀನೂ ಸಿಕ್ಕಿರಲಿಲ್ಲ.

"ಯಾರು ತುಂಬಿದ್ರು ಇದು ನಿನ್ನ ತಲ್ಯಾಗ?"

"ಜೈಲಿನಾಗ ಎಲ್ಲಾರೂ ಅಂತಾರ. ಔರಾದಿನ ಅಮೋಲ್ ಒಪ್ಪಿಕೊಂಡ. ಒಳಗ ಕಳೆದ ದಿನಾನೇ ಶಿಕ್ಷಾ ಅಂದ್ರು. ಸಂಜೀಕ ಮನಿಗಿ ಹೋದ."

"ಅಮೋಲನ ಮನಿ ಔರಾದಿನಾಗ ಅದ ಮಾರಾಯಾ! ನೀ ಒಪ್ಪಿಕೊಂಡ್ರ ನಿನ್ನ ಸೀದಾ ವಿಮಾನಕ್ಕ ಹತ್ತಸ್ತಾರ. ಅಲ್ಲಿ ಯುದ್ಧ ನಡದದ. ನಿಮ್ಮ ಓಣ್ಯಾಗ ಒಂದರ ಮನಿ ಉಳದದೇನು?"

ಅವನು ಆಕೆಯ ಕೊರಳಿನ ಬಿಳಿ ಬ್ಯಾಂಡ್ ಸೊಟ್ಟಗಾಗಿದ್ದನ್ನು ಕಣ್ಣಲ್ಲೇ ತೋರಿಸಿದ. ಪ್ರತಿ ಸಲ ಹೀಗೇ. ಎಂಥ ಹೊತ್ತಿನಲ್ಲೂ ಈ ಪುಣ್ಯಾತ್ಮನಿಗೆ ಅದೊಂದು ಕಾಣುತ್ತದೆ! ಆಕೆ ಸಿಟ್ಟಿನಿಂದಲೇ ಸರಿಮಾಡಿಕೊಂಡಳು.

"ಈಗ ಛಂದ ಕಾಣ್ತೀರಿ."

"ಚೇಷ್ಟಿ ಮಾಡಬ್ಯಾಡ. ಹತ್ತು ನಿಮಿಷದಾಗ ಕರೀತಾರ."

ಅವನ ನಗು ಹೋಯಿತು. "ಸಾಕಾಗ್ಯದ್ರಿ. ಕೇಸ್ ನಡೆಸಿದ್ರ ಇನ್ನೊಂದು ವರ್ಷ ಒಳಗ. ಸಾಯೋದೇ ಇದ್ರ ಹೊರಗ ಸಾಯ್ತೀನಿ."

ಅವನ ಕೈ ಹಿಡಿದು ನಿಂತಿದ್ದ ಪೊಲೀಸ್ ಅಬ್ದುಲ ಗಫೂರ ಆಚೆ ಮುಖ ತಿರುಗಿಸಿದ.

ಕಾನೂನೆಲ್ಲ ಹೇಳಿ ಮುಗಿದಿತ್ತು. ಉಜ್ವಲಾಳ ಬಳಿ ಉಳಿದದ್ದು ಒಂದೇ ಮಾತು, ವಕೀಲರು ಆಡಬಾರದ ಮಾತು.

"ಹೋಗಬ್ಯಾಡ," ಎಂದಳು. "ನೀ ಹೋದ್ರ ನಾ ಹ್ಯಾಂಗ ಇರ್ಲಿ?"

ಅವನು ರೆಪ್ಪೆ ಬಡಿಯದೆ ನೋಡಿದ. "ಖರೇನೇ?"

"ಖರೇ."

ಒಳಗೆ ನ್ಯಾಯಾಧೀಶರು ಆರೋಪ ಓದಿ, ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ಇಸ್ಮಾಯಿಲ ಉತ್ತರ ಕೊಟ್ಟದ್ದು ಉಜ್ವಲಾಳ ಮುಖ ನೋಡುತ್ತ.

"ಇಲ್ರಿ ಸಾಹೇಬ್ರ. ನಾ ತಪ್ಪು ಮಾಡಿಲ್ಲ."

ವಿಚಾರಣೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಉಜ್ವಲಾಳಿಗೆ ಸಂತೋಷವಾಗಬೇಕಿತ್ತು; ಆಗಲಿಲ್ಲ. ಒಬ್ಬ ಮನುಷ್ಯನಿಗೆ ಪ್ರೀತಿಯ ಆಣೆ ಹಾಕಿ ಮತ್ತೆ ಜೈಲಿಗೆ ಕಳಿಸಿದೆನಲ್ಲ! ನಾಳೆ ಯುದ್ಧ ನಿಂತು, ಅವನು ಹೋಗುವುದೇ ಅವನಿಗೆ ಒಳ್ಳೆಯದೆನ್ನುವ ದಿನ ಬಂದರೆ, ಈ ಬಾಯಿ ಅದನ್ನು ಹೇಳೀತೇ? ಹೇಳದು. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಸೀದಾ ವಕೀಲರ ಕೋಣೆಗೆ ಹೋಗಿ ತನ್ನ ಸೀನಿಯರ್ ಮಚ್ಛೇಂದ್ರರ ಮುಂದೆ ಫೈಲ್ ಇಟ್ಟಳು. "ಈ ಕೇಸ್ ನೀವೇ ನಡಸ್ರಿ ಸರ್. ನನ್ನ ಕೈಲಿ ಆಗಂಗಿಲ್ಲ."

ಅವರು ಕನ್ನಡಕದ ಮೇಲಿಂದ ಆಕೆಯ ಕಣ್ಣು ನೋಡಿದರು. "ಹುಚ್ಚಿ," ಎಂದು ಫೈಲ್ ತೆಗೆದುಕೊಂಡರು.

ಅಂಗಳದಲ್ಲಿ ಜೈಲಿನ ವ್ಯಾನ್ ಹೊರಡಲು ನಿಂತಿತ್ತು. ಉಜ್ವಲಾ ಓಡಿಹೋಗಿ ಕಿಟಕಿಯ ಕಂಬಿ ಹಿಡಿದಳು.

"ಇನ್ನ ನಿನ್ನ ಕೇಸ್ ಮಚ್ಛೇಂದ್ರ ಸರ್ ನೋಡ್ತಾರ."

ಅವನ ಮುಖ ಬಾಡಿತು. "ಅವರು ನಿಮಗಿಂತ ಶಾಣ್ಯಾರೇನ್ರಿ?"

"ಅವರಿಗಿ ನಿನ್ನ ಮ್ಯಾಲ ಪ್ರೀತಿ ಇಲ್ಲ. ನೆಟ್ಟಗ ವಾದ ಮಾಡ್ತಾರ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಕಣ್ಣು ತುಂಬಿಕೊಂಡವು.

"ಮತ್ತ ನೀವು?"

"ಮಂಗಳವಾರ ಜೈಲಿಗಿ ಬರ್ತೀನಿ. ಕೈದಿಗಿ ನೀವು ಏನಾಗಬೇಕು ಅಂತ ಗೇಟಿನಾಗ ಕೇಳ್ತಾರ. ಏನಂತ ಬರೀಲಿ?"

ವ್ಯಾನ್ ಹೊರಟಿತು. ಆಕೆ ನಾಲ್ಕು ಹೆಜ್ಜೆ ಜೊತೆಗೆ ಓಡಿ ಕೈ ಬಿಟ್ಟಳು. ಗೇಟು ದಾಟುವಾಗ ಅವನ ದನಿ ಕೇಳಿತು.

"ಹೆಂಡ್ತಿ ಆಗಾಕಿ ಅಂತ ಬರಿ, ಉಜ್ವಲಾ!"

ಒಳಗಿದ್ದ ಕೈದಿಗಳೆಲ್ಲ ಹೋ ಎಂದು ಕೂಗಿದರು. ಉಜ್ವಲಾ ಕರಿಕೋಟಿನಲ್ಲೇ, ಇಡೀ ಕೋರ್ಟು ನೋಡುತ್ತಿರುವಾಗ, ಬಿಕ್ಕಿ ಬಿಕ್ಕಿ ಅತ್ತಳು.