ಭಾಮಾ ಕಟ್ಟಿದ ಗಾಳಿಪೆಟ್ಟಿಗೆ

ಮಾರ್ತಾಂಡನ ಗಾಡಿ ಹಲವು ಬಿಡಾರಗಳ ವಾಡೆಯ ಅಂಗಳದಲ್ಲಿ ನಾಲ್ಕು ಸಲ ಕೆಮ್ಮಿ, ಒಂದು ಸಲ ಸೀನಿ, ಸುಮ್ಮನಾಯಿತು. ಮೇಲಿನ ಮಜಲಿನ ಹೆಂಗಸರು ಒಣಹಾಕಿದ ಸೀರೆಗಳ ಸಂದಿಯಿಂದ ಇಣುಕಿ ಕಿಸಕ್ಕನೆ ನಕ್ಕರು. ಕೆಳಗಿನ ಪಡಸಾಲೆಯಲ್ಲಿ ಹಾರ್ಮೋನಿಯಂ ಪೇಟಿಯೊಂದನ್ನು ಬಿಚ್ಚಿಕೊಂಡು ಕೂತಿದ್ದ ಭಾಮಾ ಮಾತ್ರ ನಗಲಿಲ್ಲ.

“ನಿಮ್ಮ ಗಾಡಿಗೆ ಉಬ್ಬಸ ಅದ ನೋಡ್ರಿ,” ಎಂದಳು.

ಮಾರ್ತಾಂಡನ ಮುಖ ಕೆಂಪಾಯಿತು. “ನೀವೂ ಚ್ಯಾಷ್ಟಿ ಮಾಡ್ರಿ. ಮ್ಯಾಲಿನವರು ನಕ್ಕದ್ದು ಸಾಲದೇನು.”

“ಚ್ಯಾಷ್ಟಿ ಅಲ್ರೀ, ಖರೇನ ಹೇಳ್ಲಿಕ್ಕತ್ತೀನಿ. ಅದಕ್ಕ ಉಸಿರು ಸಾಲವಲ್ದು. ಕಿವಿಗೆ ತಿಳೀತದ.”

“ಪೇಟಿಗೂ ಇಂಜಿನ್ನಿಗೂ ಏನ್ರೀ ಸಂಬಂಧ?” ಎಂದು ಬುಸುಗುಟ್ಟುತ್ತ ಅವನು ಗಾಡಿ ತಳ್ಳಿಕೊಂಡು ಹೋದ. ಆ ಸಿಟ್ಟು ಜಿನೆಯ ಮೆಟ್ಟಿಲು ಹತ್ತುವ ತನಕವೂ ಬಾಳಲಿಲ್ಲ. ತಿರುಗಿ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತ. “ಉಸಿರು ಸಾಲವಲ್ದು ಅಂದ್ರ ಹ್ಯಾಂಗ?”

ಒಂದೇ ನಲ್ಲಿಯ ನೀರು ಹಿಡಿಯುತ್ತ ಒಂದು ವರ್ಷ ಕಳೆದಿದ್ದ ಇಬ್ಬರೂ ಹತ್ತು ಮಾತಿಗಿಂತ ಹೆಚ್ಚು ಆಡಿದ್ದು ಅಂದೇ ಮೊದಲು.

ಎರಡನೆಯ ಮಹಾಯುದ್ಧ ಮುಗಿದು ವರ್ಷವಾಗಿತ್ತು. ಊರಿಗೆ ಹತ್ತಿದ ಖಡಕಿಯಲ್ಲಿ ಮಿಲಿಟರಿಯ ಹಳೆಯ ಸಾಮಾನು ಹರಾಜಿಗೆ ಬಂದಾಗ ಮಾರ್ತಾಂಡ ಈ ಗಾಡಿಯನ್ನು ತಂದಿದ್ದ. ಪ್ಯಾರಾಶೂಟಿನಲ್ಲಿ ಇಳಿಯುವ ಸೋಲ್ಜರರಿಗೆಂದು ಮಾಡಿದ್ದು, ಮಡಚಿದರೆ ಟ್ರಂಕಿನಷ್ಟೇ ಆಗುವ ಪುಟ್ಟ ಸ್ಕೂಟರ್. ಎತ್ತರದ ಆಳಾದ ಮಾರ್ತಾಂಡ ಅದರ ಮೇಲೆ ಕೂತರೆ ಮೊಣಕಾಲು ಕಿವಿಯ ಹತ್ತಿರ ಬರುತ್ತಿದ್ದವು. ನೋಡಿದವರಿಗೆ ಮೇಕೆ ಏರಿ ದಂಡಯಾತ್ರೆಗೆ ಹೊರಟ ಸರದಾರನೆಂದೇ ಅನಿಸಬೇಕು. ಧಾರವಾಡದಿಂದ ಈ ಮರಾಠಿ ಊರಿಗೆ ಬಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಆ ಫೈಲುಗಳ ಕೋಣೆಯಲ್ಲಿ ಜೀವ ಹಿಡಿಯಷ್ಟಾಗಿತ್ತು. ಬುಧವಾರ ಪೇಟೆಯ ಔಷಧ ವ್ಯಾಪಾರಿ ಕೃಷ್ಣಾಜಿ ಅವನಿಗೊಂದು ದಾರಿ ತೋರಿಸಿದ್ದರು. ಬರುವ ರವಿವಾರ ಒಂದು ಪೆಟ್ಟಿಗೆ ಔಷಧ ಹೊತ್ತು, ಶಿರೂರಿನ ದವಾಖಾನೆಗೆ ಮುಟ್ಟಿಸಿ, ಹೊತ್ತು ಮುಳುಗುವುದರೊಳಗೆ ಮುಟ್ಟಿದ್ದಕ್ಕೆ ಪಾವತಿ ಚೀಟಿ ತಂದುಕೊಟ್ಟರೆ ಆ ಸೀಮೆಯ ಏಜೆಂಟನ ಕೆಲಸ ಅವನಿಗೇ. ಹೋಗುವುದು ನಲವತ್ತು ಮೈಲಿ, ಬರುವುದು ನಲವತ್ತು.

“ಕೆಲಸ ಸಿಕ್ಕರ ಶಿರೂರದಾಗೇ ಇರಬೇಕಾಗ್ತದೇನ್ರಿ?” ಅವನು ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಭಾಮಾ ತಲೆ ಎತ್ತದೆ ಕೇಳಿದಳು.

“ಹೌದ್ರಿ. ಅಲ್ಲೇ ಮನಿ ಮಾಡೋದು.”

ಅವಳ ಕೈಯಲ್ಲಿದ್ದ ತಿರುಪು ಜಾರಿ ಪೇಟಿಯೊಳಗೆ ಬಿತ್ತು. ಹುಡುಕಲಿಕ್ಕೆ ಬಹಳ ಹೊತ್ತು ಬೇಕಾಯಿತು. ಮುಖ ಬಗ್ಗಿಸಿಕೊಂಡಿರಲು ಅದೊಂದು ನೆಪವೂ ಆಯಿತು.

ಭಾಮಾಳ ತಂದೆ ರಾಘಣ್ಣ ಪೇಟಿ ರಿಪೇರಿಯಲ್ಲಿ ಹೆಸರು ಮಾಡಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಮಗಳೇ ಆ ಕೆಲಸ ಹಿಡಿದಿದ್ದಳು. ಸ್ವರ ಹೊರಡಿಸುವ ರೀಡು ತಿಕ್ಕುವುದು, ಗಾಳಿ ಊದುವ ತಿದಿಗೆ ಚರ್ಮ ಹಚ್ಚುವುದು, ಎಲ್ಲವೂ ಅವಳದೇ. ಇಪ್ಪತ್ತೊಂದರ ಹುಡುಗಿ, ಬೆರಳ ತುದಿಗೆ ಸದಾ ಅಂಟು ಹತ್ತಿರುತ್ತಿತ್ತು. ಸಂಜೆ ಐದೂವರೆಗೆ ಮಾರ್ತಾಂಡನ ಚಪ್ಪಲಿಯ ಸಪ್ಪಳ ಕೇಳಿದರೆ ಆ ಬೆರಳುಗಳು ತಾವಾಗಿ ಕೂದಲು ತೀಡಿಕೊಳ್ಳುತ್ತಿದ್ದವು. ಎಷ್ಟೋ ಸಲ ಅಂಟು ತಲೆಗೇ ಹತ್ತಿದ್ದುಂಟು.

ಗಾಡಿಯ ರೋಗ ಅವಳು ಹೇಳಿದ್ದೇ ಆಗಿತ್ತು. ಗಾಳಿ ಒಳಗೆ ಹೋಗುವ ಬಾಯಿಗೆ ಮಿಲಿಟರಿಯವರು ಸಣ್ಣದೊಂದು ತಗಡಿನ ಡಬ್ಬಿ ಕೂಡಿಸಿ, ಅದರ ತುಂಬ ತಂತಿಯ ಜಾಳಿಗೆ ತುರುಕಿದ್ದರು. ಮಾರ್ತಾಂಡ ಹಿಂದೆಮುಂದೆ ನೋಡದೆ ಡಬ್ಬಿಯನ್ನೇ ಕಿತ್ತೆಸೆದ. ಗಾಡಿ ಹೊಳೆಯಾಚೆಯ ಯೆರವಡೆಯ ತನಕ ಬಾಣದ ಹಾಗೆ ಓಡಿತು. ಬರುವಾಗ ಅವನೇ ತಳ್ಳಿಕೊಂಡು ಬಂದ. ರಸ್ತೆಯ ಧೂಳೆಲ್ಲ ಇಂಜಿನ್ನಿನೊಳಗೆ ಸೇರಿತ್ತು.

“ಮೂಗು ಮುಚ್ಚಿದರ ಉಸಿರು ಆಡೂದಿಲ್ಲ. ಮೂಗೇ ಕೊಯ್ದರ ಹ್ಯಾಂಗ್ರಿ?” ಎಂದು ಭಾಮಾ ನಕ್ಕಳು. “ಪೇಟಿಯೊಳಗ ತಿದಿ ಗಾಳಿನ ಸೀದಾ ರೀಡಿಗೆ ಕೊಡೂದಿಲ್ಲ. ನಡುವ ಒಂದು ಖೋಲಿ ಇರ್ತದ. ಗಾಳಿ ಅಲ್ಲಿ ಬಂದು ಕೂತು, ದಮ್ಮು ತಗೊಂಡು, ಆಮ್ಯಾಲೆ ಸ್ವರಕ್ಕ ಹೋಗ್ತದ. ನಿಮ್ಮ ಇಂಜಿನ್ನಿಗೂ ಅಂಥಾದ್ದೊಂದು ಖೋಲಿ ಕಟ್ಟೋಣ.”

“ಕಟ್ಟೋಣ,” ಎಂದ ಮಾರ್ತಾಂಡ. ಆ ‘ಓಣ’ ಇಬ್ಬರಿಗೂ ಸ್ವಲ್ಪ ಹೆಚ್ಚೇ ಹಿತವಾಗಿ ಕೇಳಿಸಿತು.

ಆ ವಾರದ ಸಂಜೆಗಳೆಲ್ಲ ಪಡಸಾಲೆಯಲ್ಲೇ ಕಳೆದವು. ಸಾಗುವಾನಿಯ ತೆಳ್ಳನೆಯ ಹಲಗೆಯಿಂದ ಸೀಟಿನ ಕೆಳಗೆ ಕೂಡುವಂಥ ಪೆಟ್ಟಿಗೆ ಮಾಡಿದರು. ಗಾಲಿಯ ಧೂಳು ತಾಗದಂತೆ ಅದರ ಬಾಯಿಯನ್ನು ಮೇಲಕ್ಕೆ ತಿರುಗಿಸಿ ಉಣ್ಣೆಯ ಬಟ್ಟೆ ಬಿಗಿದರು. ಇಂಜಿನ್ನಿನ ತನಕ ಆಡಿನ ಚರ್ಮದ ನಳಿಗೆ ಹೊಲಿದಳು ಭಾಮಾ. ಗಾಳಿ ಹೆಚ್ಚಿದ ಮೇಲೆ ಪೆಟ್ರೋಲೂ ಹೆಚ್ಚು ಬೇಕಲ್ಲ? ಕಾರ್ಬುರೇಟರಿನ ಕಿಂಡಿಯನ್ನು ಮಾರ್ತಾಂಡ ಅವಳ ರೀಡು ತಿಕ್ಕುವ ಸೂಜಿಯಿಂದಲೇ ಕೂದಲೆಳೆಯಷ್ಟು ಅಗಲ ಮಾಡಿದ. ಅವನು ಕೈ ಚಾಚುವ ಮೊದಲೇ ಬೇಕಾದ ಹತಾರು ಅವನ ಅಂಗೈಗೆ ಬಂದಿರುತ್ತಿತ್ತು.

“ಅಂಟು ಮೂಗಿಗೆ ಹತ್ತೇದ್ರಿ,” ಎಂದ ಒಮ್ಮೆ.

“ಒರಸ್ರಿ ಹಂಗಾರ. ನನ್ನ ಕೈಯಾಗ ಕೆಲಸ ಅದ.”

ಅವನು ಕರವಸ್ತ್ರ ತೆಗೆದ, ಮಡಚಿದ, ಮತ್ತೆ ಬಿಚ್ಚಿದ, ಕೊನೆಗೆ ಅವಳ ಮಡಿಲಿಗೆ ಹಾಕಿ ಓಡಿಹೋದ. ಕಣ್ಣು ಕಾಣದ ರಾಘಣ್ಣ ಮೂಲೆಯಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. ಕಿವಿ ಮಾತ್ರ ಅವರದು ಇನ್ನೂ ಚುರುಕಾಗಿತ್ತು.

ಶನಿವಾರ ಸಂಜೆ ಪರೀಕ್ಷೆ. ಪೇಟಿ ಕಟ್ಟುವವರು ಗಾಳಿ ಸೋರುವ ಜಾಗವನ್ನು ಕೆನ್ನೆಯಿಂದ ಹುಡುಕುತ್ತಾರೆ. ಬೆರಳಿಗೆ ತಿಳಿಯದ್ದು ಕೆನ್ನೆಗೆ ತಿಳಿಯುತ್ತದೆ. ಭಾಮಾ ಪೆಟ್ಟಿಗೆಯ ಬಾಯಿ ಮುಚ್ಚಿ ಹಿಡಿದಳು. ಮಾರ್ತಾಂಡ ನಳಿಗೆಯ ತುದಿಯಿಂದ ಊದಿದ. ಅವಳು ಕಣ್ಣು ಮುಚ್ಚಿಕೊಂಡು ಹಲಗೆಯ ಅಂಚಿನುದ್ದಕ್ಕೂ ಕೆನ್ನೆ ಒಯ್ದಳು. ನಾಲ್ಕನೆಯ ಮೂಲೆಯಲ್ಲಿ, ನಳಿಗೆ ಕೂಡುವಲ್ಲಿ, ಎಳೆಯಷ್ಟು ಬೆಚ್ಚಗಿನ ಗಾಳಿ ಕೆನ್ನೆಗೆ ತಾಗಿತು. ಅವನದೇ ಉಸಿರು.

ಅಷ್ಟು ಸಾಕಿತ್ತು. ಆ ಸಂದಿಯಿಂದ ಧೂಳು ಹೋಗುತ್ತದೆ, ಅರ್ಧ ದಾರಿಗೆ ಇಂಜಿನ್ ನಿಲ್ಲುತ್ತದೆ, ಶಿರೂರಿನ ಕೆಲಸ ಶಿರೂರಿನಲ್ಲೇ ಉಳಿಯುತ್ತದೆ. ಐದೂವರೆಯ ಚಪ್ಪಲಿ ಸಪ್ಪಳವೂ ಉಳಿಯುತ್ತದೆ.

“ಎಲ್ಲಿ ಸೋರ್ತದ?” ಮಾರ್ತಾಂಡ ಕೇಳಿದ.

“ಎಲ್ಲೂ ಇಲ್ಲ,” ಎಂದಳು ಭಾಮಾ.

“ನೀವು ಇಲ್ಲ ಅಂದ್ರ ಇಲ್ಲ. ಇನ್ನ ನಾ ನೋಡೂದ ಬ್ಯಾಡ,” ಎಂದು ಅವನು ನೆಮ್ಮದಿಯಿಂದ ಎದ್ದ. ಅವನು ಅಷ್ಟು ನಂಬದೇ ಇದ್ದಿದ್ದರೆ ಅವಳಿಗೆ ಅಂದು ಊಟ ಸೇರುತ್ತಿತ್ತೇನೋ.

ರವಿವಾರ ಬೆಳಿಗ್ಗೆ ಮಾರ್ತಾಂಡ ಔಷಧದ ಪೆಟ್ಟಿಗೆ ಕಟ್ಟಿ ಗಾಡಿಯನ್ನು ಬಾಗಿಲಿಗೆ ತಂದಾಗ ಭಾಮಾ ಅಂಟಿನ ಬೋಗುಣಿ ಹಿಡಿದು ಅಡ್ಡ ನಿಂತಿದ್ದಳು.

“ನಿಂದರ್ರಿ. ನಿನ್ನೆ ನಾ ಸುಳ್ಳು ಹೇಳೀನಿ. ಮೂಲ್ಯಾಗ ಸೋರ್ತದ.”

“ಹೇಳಲಿಕ್ಕೆ ಮರತ್ರೇನು?”

“ಮರೀಲಿಲ್ಲ. ಬೇಕಂತ ಹೇಳಲಿಲ್ಲ.” ಅವಳು ಗಾಡಿಯ ಪಕ್ಕ ಮೊಣಕಾಲೂರಿದಳು. ಚರ್ಮದ ತುಂಡಿಗೆ ಅಂಟು ಸವರಿ ಸಂದಿಗೆ ಒತ್ತಿದಳು. “ನೀವು ಶಿರೂರಿಗೆ ಹೋಗಬಾರದು ಅನಿಸ್ತು. ನೀವು ಇಲ್ಲದ ವಾಡೇದಾಗ ನನಗ ಇರಲಿಕ್ಕೆ ಆಗೂದಿಲ್ಲ. ಇಷ್ಟ. ಇನ್ನ ಅರ್ಧಾ ತಾಸು ಆರಲಿ, ಆಮ್ಯಾಲೆ ಹೋಗ್ರಿ.”

ಮಾರ್ತಾಂಡ ಗಡಿಯಾರ ನೋಡಿದ, ಅವಳನ್ನು ನೋಡಿದ. ಅರ್ಧ ತಾಸು ಇಬ್ಬರೂ ಹೊಸ್ತಿಲ ಎರಡು ತುದಿಗೆ ಕೂತು ಅಂಟು ಆರುವುದನ್ನೇ ಕಾದರು. ಆಮೇಲೆ ಅವನು ಗಾಡಿ ಶುರುಮಾಡಿ, ಒಂದು ಮಾತೂ ಆಡದೆ ಹೋದ. ಇಂಜಿನ್ನಿನ ಸದ್ದು ಎಲ್ಲೂ ತಡವರಿಸದೆ ಓಣಿ ದಾಟಿತು. ಭಾಮಾಳಿಗೆ ಅಳು ಬಂದದ್ದು ಆ ಸದ್ದಿಗೇ.

ನಾಲ್ಕಾಯಿತು, ಐದಾಯಿತು. ಅಷ್ಟರೊಳಗೆ ಬರಬೇಕಾಗಿತ್ತು. ಬಿಸಿಲು ತುಳಸಿ ಕಟ್ಟೆ ಬಿಟ್ಟು ಗೋಡೆ ಹತ್ತಿತು. ಅವಳಿಗೆ ಎರಡೂ ಕಡೆಯ ಸಂಕಟ. ಗೆದ್ದು ಬಂದರೆ ಹೋಗುತ್ತಾನೆ, ಸೋತರೆ ಅವಳ ಸುಳ್ಳಿನಿಂದಾದ ಆ ಅರ್ಧ ತಾಸೇ ಕಾರಣ. ಗೆಲ್ಲಲಿ ದೇವರೇ ಎಂದು ಕೈ ಮುಗಿದಳು. ಮೊದಲ ಸಲ ಅದನ್ನು ಮನಸಾರೆ ಕೇಳಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಸದ್ದಾಯಿತು. ತಲೆಯಿಂದ ಕಾಲಿನ ತನಕ ಕೆಮ್ಮಣ್ಣಾದ ಮಾರ್ತಾಂಡ ಒಳಗೆ ಬಂದ. ಹಿಂದೆ ಕ್ಯಾರಿಯರಿನ ಮೇಲೆ ಹಗ್ಗದಿಂದ ಬಿಗಿದ ಒಂದು ಹಳೆಯ ಪೇಟಿ ಕೂತಿತ್ತು.

“ಕೃಷ್ಣಾಜಿಯವರಿಗೆ ಪಾವತಿ ಮುಟ್ಟಿಸಿ ಬಂದೆ. ಸೂರ್ಯ ಇನ್ನೂ ಒಂದು ಬೆರಳು ಮ್ಯಾಲಿದ್ದ. ಕೆಲಸ ಸಿಕ್ತು.”

“ಛಲೋ ಆತು,” ಎಂದಳು ಭಾಮಾ. “ಇಷ್ಟ ತಡಾ ಯಾಕ? ಗಾಡಿ ನಿಂತಿತ್ತೇನು?”

“ಗಾಡಿ ಎಲ್ಲೂ ನಿಂದರಲಿಲ್ಲ. ನಾನ ನಿಂತೆ. ಭಜನಿ ಮಂಡಳಿ, ಸಾಲಿ, ಮಿಷನ್ನಿನವರ ಪ್ರಾರ್ಥನಾ ಮಂದಿರ, ಶಿರೂರೆಲ್ಲಾ ಅಡ್ಡಾಡಿ ಕೇಳಿದೆ. ಆ ಊರಾಗ ಹನ್ನೊಂದು ಪೇಟಿ ಅವ. ರಿಪೇರಿ ಮಾಡವರು ಒಬ್ಬರೂ ಇಲ್ಲ.” ಅವನು ಹಗ್ಗದ ಗಂಟನ್ನೇ ನೋಡುತ್ತ ಬಿಚ್ಚತೊಡಗಿದ. “ಇದು ಭಜನಿ ಮಂಡಳಿದು. ಇನ್ನ ಮ್ಯಾಲೆ ಪೇಟಿ ರಿಪೇರಿ ಮಾಡವರು ಇಲ್ಲೇ ಬಂದು ಇರ್ತಾರ ಅಂತ ಹೇಳಿ ಬಂದೆ. ಯಾವಾಗ ಅಂದ್ರು. ಮದುವಿ ಆದ ಕೂಡಲೆ ಅಂದೆ.”

“ಯಾರ ಮದುವಿ?”

“ನಮ್ಮದು. ನಿಮ್ಮನ್ನ ಕೇಳದ ಹೇಳಿ ಬಂದೀನಿ. ಮುಂಜಾನೆ ಹೇಳಬೇಕು ಅಂದ್ರ ಬಾಯಿ ಬರಲಿಲ್ಲ. ನಲವತ್ತು ಮೈಲಿ ಹೋಗೂ ತನಕಾ ಇಂಜಿನ್ ಮುಂದ ಅಂದು ಅಂದು ರೂಢಿ ಮಾಡಿಕೊಂಡೆ. ಭಾಮಾ, ನೀ ಬರ್ತಿ ಅಂದ್ರ ಶಿರೂರು. ಇಲ್ಲಂದ್ರ ನಾಳೆ ಹತ್ತಕ್ಕ ಕಚೇರಿ.”

‘ನೀವು’ ಯಾವಾಗ ‘ನೀ’ ಆಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ರಾಘಣ್ಣ ಒಳಗಿನಿಂದಲೇ, “ನನ್ನ ಮಲಗೂ ಖಾಟು ಹಿಡಿಸುವಷ್ಟು ಮನಿ ನೋಡಪಾ ಶಿರೂರದಾಗ,” ಎಂದರು.

ಭಾಮಾ ಪೇಟಿಯ ಮುಂದೆ ಕೂತು ತಿದಿ ಎಳೆದಳು. ಒಳಗೆಲ್ಲ ಇಲಿ ಕಡಿದು ಚರ್ಮ ಚಿಂದಿಯಾಗಿತ್ತು. ಅವಳ ಕಣ್ಣು ತುಂಬಿ ಬಂದಿತ್ತು. ಅದು ಅವನಿಗೆ ಕಾಣದಿರಲೆಂದು ತಲೆ ಇನ್ನಷ್ಟು ಬಗ್ಗಿಸಿದಳು.

“ಮದುವಿ ತನಕಾ ಈ ಪೇಟಿ ಹಿಂಗ ಬಿಟ್ಟರ ಉಳಿದದ್ದೂ ಇಲಿ ಪಾಲಾಗ್ತದ,” ಎಂದಳು. “ಲಗೂನ ಒಂದು ಮುಹೂರ್ತ ತಗಸ್ರಿ.”