ಏಳನೇ ಕಂತಿನ ತೋಟಾಗಳು

ಮೇ ಹದಿನೆಂಟು, ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೊಂಟಾನಾದ ಟ್ಯಾಲೋ ಕ್ರೀಕ್ ಶೆರಿಫ್ ಠಾಣೆಗೆ ದೂರು ಬಂತು. ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ಕಾಲೀನ್ ಬರ್ಡಿಕ್ ಎಂಬಾಕೆಯ ರೈಫಲ್ ಹಿಮ್ಮುಖವಾಗಿ ಸಿಡಿದು, ಹಿತ್ತಾಳೆಯ ಚೂರೊಂದು ಕನ್ನಡಕದ ಅಂಚಿನಿಂದ ನುಸುಳಿ ಬಲಗಣ್ಣಿಗೆ ಹೊಕ್ಕಿತ್ತು. ಆಕೆ ಶಾಲಾ ಬಸ್ಸಿನ ಚಾಲಕಿ.

ಸಾರ್ಜೆಂಟ್ ಇಂಗಾ ಟೋರ್ವಿಕ್ ಡೆಪ್ಯುಟಿ ವೆಸ್ ಪ್ರುಯೆಟ್‌ನನ್ನು ಕರೆದುಕೊಂಡು ಅರ್ಧ ಗಂಟೆಯಲ್ಲಿ ಅಲ್ಲಿದ್ದಳು. ಇಬ್ಬರು ಸದಸ್ಯರ ಸಮಕ್ಷಮ ಪಂಚನಾಮೆ ಬರೆದು ರೈಫಲ್ಲು, ಸಿಡಿದ ತೋಟಾದ ಹಿತ್ತಾಳೆ ಕೋಶ, ಪೆಟ್ಟಿಗೆಯಲ್ಲಿ ಉಳಿದಿದ್ದ ಹದಿನಾಲ್ಕು ತೋಟಾಗಳನ್ನು ವಶಕ್ಕೆ ತೆಗೆದುಕೊಂಡಳು. ಮುಚ್ಚಳದ ಮೇಲೆ ಹಸಿರು ಶಾಯಿಯಲ್ಲಿ '7' ಎಂದು ಕಂತಿನ ಸಂಖ್ಯೆ ಇತ್ತು.

ಆ ಬರಹ ಎಮೆಟ್ ಸ್ಕಾರ್‌ನದು. ಎಪ್ಪತ್ತೊಂದರ ಆತ ನಿವೃತ್ತ ಲೇತ್ ಕೆಲಸಗಾರ. ಹಾರಿಸಿದ ಖಾಲಿ ಕೋಶಗಳಿಗೆ ಮತ್ತೆ ಮದ್ದು ತುಂಬಿ ಕ್ಲಬ್ಬಿಗೆಲ್ಲ ತೋಟಾ ಮಾಡಿಕೊಡುತ್ತಿದ್ದುದು ಇಪ್ಪತ್ತು ವರ್ಷದಿಂದ ಅವನೇ.

"ಬಿಸಿಲಿಗೆ ಇಟ್ಟಿರ್ತಾಳೆ," ಅಂದ ಮೈದಾನದಲ್ಲೇ ಇದ್ದ ಎಮೆಟ್. "ಮದ್ದು ಕಾದ್ರೆ ಒತ್ತಡ ಏರುತ್ತೆ. ಹೇಳಿದ್ರೆ ಎಲ್ಲಿ ಕೇಳ್ತಾರೆ."

"ಗುಡ್ಡದ ಮೇಲೆ ಇನ್ನೂ ಹಿಮ ಕರಗಿಲ್ಲ ಎಮೆಟ್. ಯಾವ ಬಿಸಿಲು?" ಅಂದಳು ಇಂಗಾ.



ಮಧ್ಯಾಹ್ನ ಆಸ್ಪತ್ರೆಯಲ್ಲಿ ಕಾಲೀನ್ ಪಟ್ಟಿ ಕಟ್ಟಿದ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಿದ್ದಳು. "ನನ್ನದೇ ತಪ್ಪು ಅಂತ ಕ್ಲಬ್ಬಲ್ಲಿ ಮಾತಾಡ್ತಿದಾರಂತೆ, ಹೌದಾ?"

"ನೀವು ತೋಟಾಗೆ ಏನಾದ್ರೂ ಮಾಡಿದ್ರಾ?" ಇಂಗಾ ಕೇಳಿದಳು.

"ಪೆಟ್ಟಿಗೆ ತೆಗೆದೆ, ಹಾಕ್ದೆ, ಹೊಡೆದೆ. ಎಮೆಟ್ ತುಂಬಿದ್ದು ಅಂದ್ರೆ ನಾವ್ಯಾರೂ ತಿರುಗಿಸಿ ನೋಡಲ್ಲ." ಕಣ್ಣಿನ ಪಟ್ಟಿ ಮುಟ್ಟಿಕೊಂಡು ಹೇಳಿದಳು: "ಬಸ್ಸು ಇನ್ನು ಓಡಿಸೋಕಾಗಲ್ಲ ಅಂದ್ರು."

ಗುರುವಾರ ಪ್ರಯೋಗಾಲಯದ ವರದಿ ಬಂತು. ಹದಿನಾಲ್ಕರಲ್ಲೂ ಮದ್ದಿನ ತೂಕ ಸರಿಯಾಗಿತ್ತು. ಕೆಟ್ಟಿದ್ದು ಕೋಶದ ಹಿತ್ತಾಳೆ. ಇಂಗಾ ಒಂದು ಖಾಲಿ ಕೋಶದ ತಳ ತೋರಿಸಿ ವೆಸ್‌ಗೆ ವಿವರಿಸಿದಳು:

"ಈ ಗುಳಿ ನೋಡು. ಕಿಡಿ ಹೊತ್ತಿಸೋ ಪ್ರೈಮರ್ ಕೂರೋದು ಇಲ್ಲಿ. ತಳ ಗಡುಸಾಗಿದ್ರೆ ಎಷ್ಟೋ ಸಲ ತುಂಬಿ ಹೊಡೆದ್ರೂ ತಡೆಯುತ್ತೆ. ಮೆತ್ತಗಾದ್ರೆ ಒತ್ತಡಕ್ಕೆ ಹಿಗ್ಗಿ ಗುಳಿ ಸಡಿಲ ಆಗುತ್ತೆ. ಆಮೇಲೆ ಅನಿಲ ಹಿಂದಕ್ಕೆ ನುಗ್ಗುತ್ತೆ, ಮುಖದ ಕಡೆಗೆ."

"ಕಂಪನಿ ಮಾಲೇ ಕಳಪೆ ಇರಬಹುದಲ್ಲ?"

"ಅದೇ ಕಂಪನಿದು ಹೊಸದೂ ಪರೀಕ್ಷೆ ಮಾಡ್ಸಿದೆ. ಕಲ್ಲಿನ ಹಾಗಿದೆ. ಇದನ್ನ ಯಾರೋ ತಳದವರೆಗೂ ಕಾಯಿಸಿದಾರೆ."

ವೆಸ್ ಎರಡು ದಿನ ಸದಸ್ಯರ ಮನೆ ಮನೆ ಅಲೆದ. ಹದಿನೇಳನೆಯವನು ದನ ಸಾಕುವ ರಾಲ್ಫ್ ಓಡೆಗಾರ್ಡ್. ಏಪ್ರಿಲ್‌ನಲ್ಲಿ ಅವನ ರೈಫಲ್ಲಿನೊಳಗೂ ಪ್ರೈಮರ್ ಉದುರಿತ್ತು.

"ಪೆಟ್ಟಿಗೇನೇ ವಾಪಸ್ ಕೊಟ್ಟೆ. ಏಳನೇ ಕಂತು. ಎಲ್ಲಾ ಬಿಸಾಕ್ತೀನಿ ಅಂದಿದ್ದ."

"ಯಾರಿಗೂ ಹೇಳ್ಲಿಲ್ವಾ?"

"ಎಮೆಟ್ ಬಗ್ಗೆನಾ? ಯಾರು ನಂಬ್ತಾರೆ ಮಾರಾಯ."

ಮೇ ಇಪ್ಪತ್ತೆಂಟರ ಮಧ್ಯಾಹ್ನ ಎರಡೂವರೆಗೆ ಶೋಧ ವಾರಂಟ್ ಹಿಡಿದು ಎಮೆಟ್‌ನ ಶೆಡ್ಡಿಗೆ ಹೋದರು. ಗ್ಯಾಸ್ ಬರ್ನರ್ ಪಕ್ಕದಲ್ಲಿ ಚರ್ಮದ ಕೈಗವಸು ಸಿಕ್ಕಿತು. ಹೆಬ್ಬೆರಳು, ತೋರುಬೆರಳಿನ ತುದಿ ಸುಟ್ಟು ಕರಕಲಾಗಿತ್ತು. ಇಂಗಾ ಅವನ ಕೈ ನೋಡಿದಳು. ಅದೇ ಎರಡು ಬೆರಳಿನಲ್ಲಿ ಮಾಗಿದ ಬೊಕ್ಕೆಗಳ ಕಲೆ.

"ಕೋಶದ ಬಾಯಿ ಸೀಳದೆ ಮೆತ್ತಗಾಗ್ಲಿ ಅಂತ ಕಾಯಿಸೋವಾಗ ತಳ ಬೆರಳಲ್ಲಿ ಹಿಡ್ಕೊಳ್ತೀರಿ, ಅಲ್ವಾ?"

"ಹಳೇ ಪದ್ಧತಿ. ಬೆರಳಿಗೆ ಚುರ್ ಅಂದ ತಕ್ಷಣ ನೀರಿಗೆ ಬಿಡೋದು."

"ಚುರ್ ಅನ್ನುತ್ತಾ ಈಗ?"

ಇಂಗಾ ಎರಡು ಖಾಲಿ ಕೋಶ, ಎರಡು ಬಳಸಿದ ಪ್ರೈಮರ್ ಮೇಜಿನ ಮೇಲಿಟ್ಟಳು. "ಕೂರ್ಸಿ. ಯಾವುದು ಸಡಿಲ ಹೇಳಿ."

ಎಮೆಟ್ ಪ್ರೈಮರ್ ಒತ್ತುವ ಕೈ ಉಪಕರಣದಿಂದ ಒಂದೊಂದಾಗಿ ಕೂರಿಸಿದ. ತುಂಬ ಹೊತ್ತು ಹಿಡಿದುಕೊಂಡು, "ಎರಡೂ ಬಿಗಿ," ಅಂದ.

ಇಂಗಾ ಎರಡನೆಯದನ್ನು, ಏಳನೇ ಕಂತಿನದನ್ನು, ಮಗುಚಿ ಮೇಜಿಗೆ ಮೆಲ್ಲಗೆ ತಟ್ಟಿದಳು. ಪ್ರೈಮರ್ ಕಳಚಿ ಉರುಳಿಕೊಂಡು ಹೋಯಿತು.

"ರಾಲ್ಫ್ ಹೇಳಿದ ಮೇಲೂ ಆ ಕಂತು ಯಾಕೆ ಕೊಟ್ರಿ?"

"ರಾಲ್ಫ್ ಬಂದೂಕೇ ಸರಿ ಇಲ್ಲ ಅಂದ್ಕೊಂಡೆ." ಎಮೆಟ್ ಸ್ಟೂಲ್ ಎಳೆದುಕೊಂಡು ಕೂತ. "ಅಂದ್ಕೊಳ್ಳೋಕೆ ನೋಡ್ದೆ. ಬೆರಳು ಸುಡದಿರ್ಲಿ ಅಂತ ಕೈಗವಸು ಹಾಕ್ಕೊಂಡಾಗ್ಲೇ ಬಿಸಿ ತಿಳಿಯಲ್ಲ ಅಂತ ನಂಗೆ ಗೊತ್ತಿತ್ತು."

ತಿಳಿದೂ ಇನ್ನೊಬ್ಬರ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ನಾಲ್ಕು ಹತ್ತಕ್ಕೆ ಅವನ ಬಂಧನವಾಯಿತು. ಉಳಿದ ಏಳನೇ ಕಂತು ಎಲ್ಲೆಲ್ಲಿದೆ ಎಂದು ಅವನೇ ಹೆಸರು ಹೇಳಿ ಬರೆಸಿದ. ಸಂಜೆಯೊಳಗೆ ವೆಸ್ ಐದು ಪೆಟ್ಟಿಗೆ ವಾಪಸ್ ತಂದ.

ಎಮೆಟ್‌ನ ಹೇಳಿಕೆ ಒಂದೇ ಪುಟ. ಸಕ್ಕರೆ ಕಾಯಿಲೆಯಿಂದ ಬೆರಳು ಮರಗಟ್ಟಿ ವರ್ಷವಾಗಿತ್ತು. ವೈದ್ಯರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಕೊನೆಯ ಸಾಲನ್ನು ಇಂಗಾ ಅವನ ಮಾತಿನಲ್ಲೇ ಬರೆದಳು: "ಪ್ರತಿ ಶುಕ್ರವಾರ ಹತ್ತು ಜನ ನನ್ನ ಶೆಡ್ಡಿಗೆ ಬರ್ತಿದ್ರು. ಕೈ ಹೋಯ್ತು ಅಂದಿದ್ರೆ ಅವ್ರು ಯಾಕೆ ಬರ್ತಾರೆ?"

ಓದಿ ಹೇಳಿ ಸಹಿ ಮಾಡಿಸಿಕೊಂಡಳು. ಆಮೇಲೆ ಕಾಲೀನ್‌ಗೆ ಫೋನ್ ಮಾಡಿದಳು.

"ನನ್ನ ತಪ್ಪೇನಾದ್ರೂ ಇತ್ತಾ?" ಕಾಲೀನ್ ಮೊದಲು ಕೇಳಿದ್ದು ಅದೇ.

"ಇಲ್ಲ. ಒಂದಿಷ್ಟೂ ಇಲ್ಲ. ಕ್ಲಬ್ಬಿಗೆ ನಾನೇ ಹೋಗಿ ಹೇಳ್ತೀನಿ."