ಹಿಂದಿನ ಚಿತ್ರಗಳು

“ಈ ಕೆಂಪು ಗೀಟು ಎಳೆದವರು ನೀವೇನಾ?”

ಕನ್ನಿಕಾ ತಲೆಯೆತ್ತಿದಳು. ಬಾಗಿಲಲ್ಲಿ ಇನ್ಥಾ! ಹುಬ್ಬಿನ ತುಂಬ ಬೂದಿ, ಕೈಯಲ್ಲಿ ಅವಳದೇ ವರದಿ.

‘ನೀವು’... ಮೊನ್ನೆಯವರೆಗೆ ‘ನೀನು’ ಆಗಿದ್ದಳು.

ಚಿಯಾಂಗ್ ಮಾಯ್ ನಗರದ ಮೇಲೆ ಹೊಗೆ ಕವಿದು ನಲವತ್ತು ದಿನ. ಅಷ್ಟೂ ದಿನ ಉಪಗ್ರಹದ ಚಿತ್ರಗಳಲ್ಲಿ ಹೊಗೆಯ ಅಂಚು ಗುರುತಿಸಿ ಅವಳ ಕಣ್ಣು ಸೋತಿತ್ತು. ಮುಚ್ಚಿದರೂ ಬೂದು ಬಣ್ಣವೇ.

“ನಾನೇ.”

“ನಿಮ್ಮ ಗೀಟಿನಿಂದ ನಮ್ಮ ಹುವಾಯ್ ದೇಂಗ್ ಊರಿಗೇ ಕಾಡು ಬಂದ್! ಜೇನಿಲ್ಲ, ಇರುವೆಮೊಟ್ಟೆ ಇಲ್ಲ. ಜನ ತಿನ್ನೋದೇನು? ಬೆಂಕಿ ಹಚ್ಚಿದ್ದು ನಾವಲ್ಲ.”

“ನಿನ್ನೆ ಒಂದೂವರೆಗೆ ಉಪಗ್ರಹ ದಾಟಿದಾಗ ಒಂದು ಬೆಂಕಿಚುಕ್ಕೆನೂ ಇರಲಿಲ್ಲ. ನಾಲ್ಕಕ್ಕೆ ನಿಮ್ಮ ಗುಡ್ಡದ ತುಂಬ ಹೊಗೆ! ಅದು ದಾಟೋ ಹೊತ್ತು ನಿಮಗೆ ಹೇಳಿಕೊಟ್ಟೋಳು ನಾನೇ ಅಲ್ವಾ?”

ಉಪಗ್ರಹ ದಾಟಿದ ಮೇಲೆ ಕಡ್ಡಿ ಗೀರುವುದು ಈ ಬೆಟ್ಟಗಳ ಹಳೆಯ ಚಾಲಾಕಿ. ಇನ್ಥಾ ಊರಿನ ಬೆಂಕಿ ಕಾವಲುಗಾರ. ಸುಟ್ಟ ಜಾಗಗಳ ಪಟ್ಟಿ ಕೊಡಲು ವಾರಕ್ಕೊಮ್ಮೆ ಬರುತ್ತಿದ್ದ. ಹಾಗೆ ಬಂದಾಗಲೇ ಒಂದು ದಿನ ಆ ಹೊತ್ತನ್ನು ಕೇಳಿದ್ದ. ಅವನ ಬಿದಿರುಬುಟ್ಟಿಯಿಂದ ಅಂಟು ಅನ್ನ ಕಿತ್ತು ತಿನ್ನುತ್ತ ಅವಳು ಹೇಳಿಬಿಟ್ಟಿದ್ದಳು.

ನನ್ನ ಪಕ್ಕ ಕೂತದ್ದು ಅದಕ್ಕೇನಾ, ಎಂದುಕೊಂಡಳು.

“ಹೌದು, ಕೇಳಿದ್ದೆ,” ಇನ್ಥಾ ಕೆಮ್ಮಿದ. “ಬೆಂಕಿ ಹಚ್ಚೋ ಕಳ್ಳರು ಹೊರಡೋ ಹೊತ್ತಿಗೆ ಕಾಯೋಕೆ. ನಿಮ್ಮ ಉಪಗ್ರಹ ಹೋದ್ಮೇಲೆ ಅದರ ಪಾಳಿ ನಾನು ಮಾಡ್ತಿದ್ದೆ!”

“ಮತ್ತೆ ಹೇಳಲಿಲ್ಲ ಯಾಕೆ?”

“ಆಕಾಶದ ಅಮ್ಮಾವ್ರಿಗೆ ಎಲ್ಲಾ ಕಾಣುತ್ತೆ ಅಂದ್ಕೊಂಡಿದ್ದೆ.”

ವರದಿಯನ್ನು ಮೇಜಿನ ಮೇಲಿಟ್ಟು ಹೊರಟೇಹೋದ.

ಕನ್ನಿಕಾ ಪರದೆಯ ಕಡೆ ತಿರುಗಿದಳು. ಒಂದೇ ಜಾಗದಲ್ಲಿ ನಿಂತು ಹತ್ತು ನಿಮಿಷಕ್ಕೊಂದು ಚಿತ್ರ ಕಳಿಸುವ ಇನ್ನೊಂದು ಉಪಗ್ರಹವಿತ್ತು. ಸಣ್ಣ ಬೆಂಕಿ ಅದಕ್ಕೆ ಕಾಣದು, ಹೊಗೆ ಮಾತ್ರ ಕಾಣುತ್ತದೆ. ನಿನ್ನೆ ದಣಿದು ಅದರ ನಾಲ್ಕು ಗಂಟೆಯ ಚಿತ್ರವೊಂದನ್ನೇ ನೋಡಿ ಗೀಟು ಎಳೆದಿದ್ದಳು.

ಈಗ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಮೂರೂ ಐವತ್ತು... ಮೂರು... ಎರಡೂವರೆ... ಹೊಗೆ ತೆಳುವಾಗುತ್ತ, ಪಶ್ಚಿಮಕ್ಕೆ ಸರಿಯುತ್ತ, ಗುಡ್ಡದ ನೆತ್ತಿ ದಾಟಿತು. ಒಂದೂ ಐವತ್ತರ ಚಿತ್ರದಲ್ಲಿ ಕೂದಲೆಳೆಯಷ್ಟು ಬಿಳುಪು. ಹುವಾಯ್ ದೇಂಗ್‌ನಲ್ಲಲ್ಲ, ಆಚೆಯ ಕಣಿವೆಯಲ್ಲಿ!

ಅಯ್ಯೋ...

ಹೊಸ ವರದಿ ಬರೆದಳು. ಕೆಳಗೆ ‘ತಪ್ಪು ನನ್ನದು’ ಎಂದು ಸೇರಿಸಿ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಮೇಲಿನವರ ಫೋನು ಬಂತು: ಬೈಗುಳ ಅವಳಿಗೆ, ಕಾಡು ಊರಿಗೆ.

ಓಡಿ ಕೆಳಗಿಳಿದರೆ ಕೊನೆಯ ಮೆಟ್ಟಿಲ ಮೇಲೆ ಇನ್ಥಾ. ಮನೆಗೆ ಹೋಗುವಷ್ಟೂ ತ್ರಾಣವಿಲ್ಲದೆ, ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ಪಕ್ಕದಲ್ಲಿ ಕೂತಳು. “ಇನ್ಥಾ... ಕಾಡು ತೆರೀತು. ಹೊಗೆ ಆಚೆ ಕಣಿವೆಯಿಂದ ಬಂದಿತ್ತು.”

ಅವನು ಕಣ್ಣು ತೆರೆದ.

“ಒಂದೇ ಚಿತ್ರ ನೋಡಿ ತೀರ್ಮಾನ ಮಾಡಿಬಿಟ್ಟೆ. ಹೊಗೆದೂ ಹಾಗೇ, ನಿಂದೂ ಹಾಗೇ. ಹಿಂದಿನ ಚಿತ್ರ ಎಲ್ಲಾ ಇತ್ತಲ್ಲ... ನೀನು ಬುಟ್ಟಿಯ ಕೊನೇ ತುತ್ತು ನನಗೇ ಬಿಡ್ತಿದ್ದದ್ದು. ನೋಡಲೇ ಇಲ್ಲ.”

“ತಿನ್ನೋದ್ರಲ್ಲೇ ಇದ್ದೆ, ಎಲ್ಲಿ ನೋಡ್ತೀಯ?”

‘ನೋಡ್ತೀಯ’! ಅವಳ ಕಣ್ಣು ತುಂಬಿತು. ಹೊಗೆಯಿಂದಲ್ಲ.

ಅವನು ಗಡಿಯಾರ ನೋಡಿ ಮೊಣಕಾಲು ಹಿಡಿದು ಎದ್ದ. “ಒಂದೂಕಾಲು. ನನ್ನ ಪಾಳಿ.”

“ನಾನೂ ಬರ್ತೀನಿ.”

“ಮತ್ತೆ ಆಕಾಶ?”

“ಹತ್ತು ನಿಮಿಷಕ್ಕೊಂದು ಚಿತ್ರ ಅದರ ಪಾಡಿಗೆ ಅದು ತೆಗೀತಿರುತ್ತೆ.” ಕನ್ನಿಕಾ ಬೆರಳಿನಿಂದ ಅವನ ಹುಬ್ಬಿನ ಬೂದಿ ಒರೆಸಿದಳು. “ನಿನ್ನನ್ನ ನೋಡೋಕೆ ಮಾತ್ರ ನಾನೇ ಬೇಕು.”